ಕಣ್ಣೀರಿಲ್ಲದ ಅರ್ಜಿ

ಲಿಂಗಸುಗೂರಿನ ತಹಸೀಲ ಕಚೇರಿಗೆ ಕೆಲಸ ಹೊತ್ತು ಬಂದವರು ಮೊದಲು ನೋಡುತ್ತಿದ್ದದ್ದು ಸಾಹೇಬರ ಮುಖವನ್ನಲ್ಲ, ಜೋಗಮ್ಮನ ಮುಖವನ್ನು. ಕಂಪೌಂಡಿನ ಹೊರಗೆ ಹುಣಸೆ ಗಿಡ, ಗಿಡದ ಬುಡಕ್ಕೆ ಕಟ್ಟೆ. ಕಟ್ಟೆಯ ಈ ತುದಿಗೆ ಜೋಗಮ್ಮನ ಇಳಿಜಾರು ಮೇಜು, ಆ ತುದಿಗೆ ರಹಮಾನಸಾಬರ ಚಾಪೆ. ಇಬ್ಬರದೂ ಒಂದೇ ಕಸುಬು, ಓದು ಬರಹ ಬಾರದವರಿಗೆ ಅರ್ಜಿ ಬರೆದುಕೊಡುವುದು. ಒಂದೇ ಕಸುಬಿನ ಇಬ್ಬರು ಒಂದೇ ಗಿಡದ ಕೆಳಗೆ ಕೂತರೆ ಜಗಳವಾಗಬೇಕು ನೋಡಿ. ಆಗುತ್ತಿರಲಿಲ್ಲ. ಜೋಗಮ್ಮ ಅವರನ್ನು ಕಾಕಾ ಅನ್ನುತ್ತಿದ್ದಳು, ಅವರು ಈಕೆಯನ್ನು ಬೇಟಿ ಅನ್ನುತ್ತಿದ್ದರು, ಮಧ್ಯಾಹ್ನ ಒಬ್ಬರ ಬುತ್ತಿಯ ಪಲ್ಯ ಇನ್ನೊಬ್ಬರ ರೊಟ್ಟಿಯ ಮೇಲೆ ಬೀಳುತ್ತಿತ್ತು.

ಆ ಮೇಜು ಆಕೆಯ ಅಪ್ಪ ಅಂಬಪ್ಪನದು. ಅಂಬಪ್ಪ ತೀರಿಕೊಂಡ ಮೇಲೆ ಮಗಳು ಬಂದು ಅಲ್ಲಿ ಕೂತಾಗ, ಹೆಣ್ಣುಮಗಳು ಕಚೇರಿ ಮುಂದೆ ಕೂತು ಅರ್ಜಿ ಬರೆಯುವುದುಂಟೇ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಸ್ವಲ್ಪ ದಿನಕ್ಕೇ ಬೆರಳು ಇಳಿಸಿ ಸಾಲು ಹಚ್ಚಿದರು. ಯಾಕೆಂದರೆ ಜೋಗಮ್ಮನ ಅರ್ಜಿ ಅಂದರೆ ಅಂಥದ್ದು. ಪಹಣಿ ಸಿಕ್ಕಿಲ್ಲ ಅನ್ನುವ ಒಂದು ಮಾತನ್ನು ಆಕೆ ಬರೆದರೆ ಅದರಲ್ಲಿ ಆರಿದ ಒಲೆ ಇರುತ್ತಿತ್ತು, ಹಸಿದ ಕೂಸು ಇರುತ್ತಿತ್ತು, ಮುರಿದ ಊರುಗೋಲು ಇರುತ್ತಿತ್ತು, ಕೊನೆಗೆ ‘ತಮ್ಮ ಪಾದವೇ ಗತಿಯೆಂದು ನಂಬಿದ ಬಡಪಾಯಿ’ ಎಂಬ ಸಾಲು ಇದ್ದೇ ಇರುತ್ತಿತ್ತು. ಓದಿದ ಸಾಹೇಬರು ಜೇಬಿನಿಂದ ಕರ್ಚೀಫು ತೆಗೆಯಬೇಕು. ಇದು ಅಂಬಪ್ಪ ಕಲಿಸಿದ ವಿದ್ಯೆ.

ಇಷ್ಟಿದ್ದರೆ ಹೊಟ್ಟೆಗೆ ಸಾಕಿತ್ತು. ಆದರೆ ಜೋಗಮ್ಮನಿಗೆ ಒಂದು ಹುಚ್ಚಿತ್ತು, ಜಗತ್ತಿನ ಹುಚ್ಚು. ಮಸ್ಕಿಯ ಮನೆಯಲ್ಲಿ ಬುದ್ಧನ ಪಟದ ಪಕ್ಕ ಅಪ್ಪನ ಕಾಲದ ರೇಡಿಯೋ. ಮುಂಜಾನೆಯ ವಾರ್ತೆ ಮುಗಿಯದೆ ಆಕೆ ಲಿಂಗಸುಗೂರಿನ ಬಸ್ಸು ಹತ್ತುತ್ತಿರಲಿಲ್ಲ. ಬರ್ಲಿನ್ನಿನ ಗೋಡೆ ಒಡೆದ ಸುದ್ದಿ ಬಂದ ದಿನವಂತೂ ಬಸ್ಸು ಬಿಟ್ಟುಹೋಗಿ, ಜೋಳದ ಲಾರಿಯಲ್ಲಿ ಕೂತು ಕೆಲಸಕ್ಕೆ ಹೋದಳು. ಹೋದವಳೇ ಎದುರಿಗೆ ಕೂತ ಮುದಗಲ್ ಕಡೆಯ ರೈತ ಮುದುಕಪ್ಪನಿಗೆ ಶುರು ಹಚ್ಚಿಕೊಂಡಳು.

“ಮುದುಕಪ್ಪ ಮಾವಾ, ವಿಶ್ವಸಂಸ್ಥೆ ಅಂತ ಐತಿ ನೋಡ್ರಿ. ಅದರಾಗ ಭದ್ರತಾ ಮಂಡಳಿ ಅಂತ ಒಂದು ಕಟ್ಟಿ. ಆ ಕಟ್ಟಿಮ್ಯಾಲ ಕೂತವ್ರೆಲ್ಲಾ ಹೂಂ ಅಂದ್ರೂ ಐದು ದೊಡ್ಡ ದೇಶದಾಗ ಒಂದು ಉಹೂಂ ಅಂದ್ರ ಮುಗೀತು. ಅದಕ್ಕ ವೀಟೋ ಅಂತಾರ. ಇದು ನ್ಯಾಯ ಏನ್ರೀ? ಸಣ್ಣ ದೇಶದವ್ರನ್ನ ಯಾರೂ ಕೇಳಂಗಿಲ್ಲ!”

“ಕೋಳೀನ ಕೇಳಿ ಯಾರು ಮಸಾಲಿ ಅರದಾರಬೇ?” ಎಂದ ಮುದುಕಪ್ಪ. “ಅದು ಅತ್ಲಾಗ ಇರಲಿ, ನನ್ನ ಹೊಲದ ಬದು ಎಲ್ಲೀತನ ಬಂತು ಹೇಳು.”

ಆಕೆಯ ಗಂಡ ಲಾಲಪ್ಪ ಲಿಂಗಸುಗೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ನಗೆಚಾಟಿಕೆಯ ಮನುಷ್ಯ. ಯಾರಾದರೂ ನಿನ್ನ ಹೆಂಡತಿ ಏನು ಓದುತ್ತಾಳಪ್ಪಾ ಅಂದರೆ, “ವಿಶ್ವಸಂಸ್ಥೆ ಓದಾಕತ್ತಾಳ. ನಮ್ಮ ಮನ್ಯಾಗೂ ಒಂದೈತಿ. ವೀಟೋ ಅಜ್ಜಿ ಕೈಯಾಗ ಐತಿ” ಅನ್ನುತ್ತಿದ್ದ. ಅಜ್ಜಿ ಅಂದರೆ ಜೋಗಮ್ಮನ ಅಪ್ಪನ ತಾಯಿ, ಗದ್ದೆಮ್ಮ. ಬೆನ್ನು ಬಾಗಿತ್ತು, ಬಾಯಿ ಬಾಗಿರಲಿಲ್ಲ.

ಲಾಲಪ್ಪ ಹೇಳುತ್ತಿದ್ದದ್ದು ಬರೀ ತಮಾಷೆಯಲ್ಲ. ಜೋಗಮ್ಮ ಮನೆಯಲ್ಲೇ ಓದಿ ಬಿ.ಎ. ಮುಗಿಸಿ, ಹಾಗೆಯೇ ರಾಜ್ಯಶಾಸ್ತ್ರದ ಎಂ.ಎ. ಕಟ್ಟಿದ್ದಳು. ಒಂದು ಪೇಪರು ಬಿಟ್ಟು ಎಲ್ಲವೂ ಪಾಸು. ಆ ಒಂದು ಯಾವುದು ಗೊತ್ತೇ? ಜಗತ್ತಿನ ರಾಜಕಾರಣ ಮತ್ತು ನ್ಯಾಯ. ಆಕೆ ಉಸಿರಾಡುತ್ತಿದ್ದ ವಿಷಯವೇ! ಅದರಲ್ಲೇ ಎರಡು ಸಲ ಡುಮ್ಕಿ. ಮೂರನೆಯದು ಕೊನೆಯ ಅವಕಾಶ; ಈ ಸಲವೂ ಹೋದರೆ ಪಾಸಾದ ಪೇಪರುಗಳೂ ನೀರಿಗೆ ಬಿದ್ದಂತೆ. ಎಂ.ಎ. ಆಗಬೇಕು, ಒಂದು ದಿನ ಕ್ಲಾಸಿನಲ್ಲಿ ನಿಂತು ಹುಡುಗ ಹುಡುಗಿಯರ ಜೊತೆ ಜಗತ್ತಿನ ಮಾತಾಡಬೇಕು, ಇದೊಂದು ಆಸೆ ಆಕೆಗೆ. ಹುಣಸೆ ಗಿಡದ ಕೆಳಗಿನ ಗಿರಾಕಿಗಳು ಎಷ್ಟು ದಿನ ಬದುವಿನ ಮಧ್ಯೆ ಬರ್ಲಿನ್ ಕೇಳಿಯಾರು, ಪಾಪ.

ದಾರಿ ತೋರಿಸಿದವರು ಅಖ್ತರಬೇಗಂ. ಸಿಂಧನೂರಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳುವ ಮೇಡಂ. ತವರಿನ ಹೊಲದ ಕಾಗದಕ್ಕೆಂದು ಒಮ್ಮೆ ಲಿಂಗಸುಗೂರಿಗೆ ಬಂದಾಗ, ಅರ್ಜಿ ಬರೆಯಬೇಕಾದ ಹೆಣ್ಣುಮಗಳು ಪೆನ್ನು ಕೆಳಗಿಟ್ಟು, “ಮೇಡಂರೀ, ನ್ಯಾಯ ಅಂದ್ರ ಏನ್ರೀ?” ಎಂದು ಕೇಳಿಬಿಟ್ಟಳು. ಮೇಡಂ ಕಾಗದ ಮರೆತು ಕಟ್ಟೆಯ ಮೇಲೆ ಕೂತರು. ಅಂದಿನಿಂದ ಭಾನುವಾರ ಬಂತೆಂದರೆ ಜೋಗಮ್ಮ ಸಿಂಧನೂರಿನ ಬಸ್ಸಿನಲ್ಲಿ. ಮಸ್ಕಿ ದಾಟಿ ಕಾಲುವೆಯ ಸೀಮೆ ಬಂದೊಡನೆ ಎರಡೂ ಕಡೆ ಭತ್ತದ ಗದ್ದೆ, ಕಿಟಕಿಯಲ್ಲಿ ತಣ್ಣನೆಯ ಗಾಳಿ, ಮಡಿಲಲ್ಲಿ ಪುಸ್ತಕ. ಆಹಾ, ಆ ದಿನಗಳಲ್ಲಿ ಆಕೆಗೆ ಇದ್ದ ಸುಖ ಅರಸಿಗೂ ಇದ್ದಿರಲಿಕ್ಕಿಲ್ಲ.

ಎರಡನೇ ಸಲ ಫೇಲಾದ ಮೇಲೆ ಮೇಡಂ ಒಂದು ಭಾನುವಾರ ಹೇಳಿದರು, “ಪರೀಕ್ಷಾದಾಗ ಏನು ಬರದಿ, ಅದನ್ನ ನನ್ನ ಮುಂದ ಇನ್ನೊಮ್ಮೆ ಬರಿ.” ಜೋಗಮ್ಮ ಬರೆದುಕೊಟ್ಟಳು. ಮೇಡಂ ಕನ್ನಡಕ ಏರಿಸಿ ಜೋರಾಗಿ ಓದಿದರು.

“‘ಮಾನ್ಯ ಭದ್ರತಾ ಮಂಡಳಿಯವರು ಬಡ ರಾಷ್ಟ್ರಗಳ ಮೇಲೆ ಕೃಪಾದೃಷ್ಟಿ ಬೀರಿ, ಹಸಿದ ಕೂಸುಗಳ ಮುಖ ನೋಡಿ, ತಮ್ಮ ವೀಟೋ ಅಧಿಕಾರವನ್ನು ದಯಮಾಡಿ ಕೈಬಿಡಬೇಕೆಂದು ಬೇಡಿಕೊಳ್ಳಲಾಗಿದೆ...’ ಯಾ ಅಲ್ಲಾ!” ಮೇಡಂ ಕಾಗದ ಎದೆಗೆ ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಪುಣ್ಯಾ, ಕೊನೀಗೆ ‘ತಮ್ಮ ಪಾದವೇ ಗತಿ’ ಅಂತ ಬರದಿಲ್ಲ!”

ಜೋಗಮ್ಮ ತಲೆ ತಗ್ಗಿಸಿದಳು. “ಬರದಿದ್ನಿರೀ ಮೇಡಂ. ಮೊದಲನೇ ಸಲ.”

ಈಗ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗು ನಿಂತ ಮೇಲೆ ಮೇಡಂ ಮೆತ್ತಗೆ ಹೇಳಿದರು, “ನೋಡು ಜೋಗಮ್ಮ, ನಿನ್ನ ತಲ್ಯಾಗ ವಿಷಯ ಐತಿ. ಆದರ ನಿನ್ನ ಕೈ ಬೇಡೋದು ಬಿಟ್ಟು ಬ್ಯಾರೆ ಕಲ್ತಿಲ್ಲ. ಬೇಡಿದವ್ರಿಗೆ ಕೊಟ್ರ ಅದು ಕೊಟ್ಟವನ ದೊಡ್ಡಸ್ತಿಕಿ, ದಯಾ. ಮನಸು ಬಂದ್ರ ಕೊಟ್ಟ, ಇಲ್ಲಂದ್ರ ಇಲ್ಲ. ನ್ಯಾಯ ಅಂದ್ರ ಅವನಿಗೆ ಮನಸಿಲ್ಲಂದ್ರೂ ಕೊಡಬೇಕಾದದ್ದು. ಅಷ್ಟು ದೂರ ಐತಿ ಎರಡರ ನಡುವ. ಪೇಪರಿನಾಗ ತಿದ್ದಿದ್ರ ಆಗೂದಿಲ್ಲ. ನಾಳಿಂದ ನಿನ್ನ ಅರ್ಜಿ ಒಳಗ ‘ದಯಾ’ ಇರಬಾರದು, ‘ಪಾದ’ ಇರಬಾರದು, ‘ಬಡಪಾಯಿ’ ಇರಬಾರದು. ಪರೀಕ್ಷಾ ತನಕ.”

“ಮೇಡಂ, ನನ್ನ ಹೊಟ್ಟಿ ಮ್ಯಾಲ ಹೊಡೀತೀರಲ್ರೀ!”

“ಹೌದು,” ಎಂದರು ಮೇಡಂ, ಚಹಾ ಬಗ್ಗಿಸುತ್ತ.

ಮರುದಿನ ಮೊದಲ ಬಲಿ ಮುದುಕಪ್ಪ. ಬದು ಒತ್ತಿದ ತಕರಾರಿಗೆ ಸರ್ವೇ ಆಗಬೇಕಿತ್ತು. ಜೋಗಮ್ಮ ಬರೆದು ಓದಿ ಹೇಳಿದಳು: ‘ನನ್ನ ಹೊಲದ ಬದು ಒತ್ತುವರಿಯಾಗಿದೆ. ಹೊಲವನ್ನು ಅಳತೆ ಮಾಡಿಸುವುದು ನನ್ನ ಹಕ್ಕು. ಅಳತೆ ಮಾಡಿಸಿಕೊಡಬೇಕು.’

ಮುದುಕಪ್ಪ ಇನ್ನೂ ಕಾಯುತ್ತ ಕೂತಿದ್ದ. “ಹೂಂ, ಮುಂದ?”

“ಮುಗೀತ್ರೀ ಮಾವಾ.”

“ಮುಗೀತಾ? ನನ್ನ ಕಣ್ಣೀರು ಎಲ್ಲೈತಿ? ನಮ್ಮ ಮನಿ ಒಲಿ ಆರೇದ ಅಂತ ಬರದೇ ಇಲ್ಲಲ್ಲಬೇ!”

“ನಿಮ್ಮ ಮನಿ ಒಲಿ ಹತ್ತೇದಲ್ರೀ. ಮುಂಜಾಲೆ ಉಪ್ಪಿಟ್ಟು ತಿಂದು ಬಂದೀನಿ ಅಂತ ನೀವ ಹೇಳೀರಿ.”

“ಹತ್ತಿದ್ರ ಏನಾತು? ಅರ್ಜ್ಯಾಗ ಆರಿರಬೇಕು!” ಮುದುಕಪ್ಪ ಕಾಗದ ಎತ್ತಿಕೊಂಡು ಸೀದಾ ಕಟ್ಟೆಯ ಆ ತುದಿಗೆ ಹೋದ. “ರಹಮಾನಸಾಬ್ರ, ಇದರಾಗ ಒಂದಿಷ್ಟು ಕಣ್ಣೀರು ಹಾಕಿ ಕೊಡ್ರಿ.”

ಅವನ ಹಿಂದೆ ಉಳಿದವರೂ ಸರಿದರು. ವಾರದೊಳಗೆ ಹುಣಸೆ ಗಿಡದ ನೆರಳೇ ಆ ಕಡೆ ವಾಲಿತೇನೋ ಅನ್ನುವ ಹಾಗಾಯಿತು. ರಹಮಾನಸಾಬರ ಮುಂದೆ ಜಾತ್ರೆ, ಜೋಗಮ್ಮನ ಮುಂದೆ ಒಂದು ಕೋಳಿ, ಅದೂ ಕಾಳು ಹುಡುಕುತ್ತ ಬಂದದ್ದು. ಊಟದ ಹೊತ್ತಿಗೆ ರಹಮಾನಸಾಬರು ಎದ್ದು ಬಂದು ಪಕ್ಕ ಕೂತರು. ಅವರಿಗೆ ನಿಜವಾಗಿಯೂ ಕೆಡುಕೆನಿಸಿತ್ತು.

“ಬೇಟಿ, ಏನಾಗೇತಿ ನಿನಗ? ಅಳದ ಕೂಸಿಗೆ ತಾಯಿನೂ ಹಾಲು ಕುಡಸೂದಿಲ್ಲ.”

“ಕೂಸಿಗೆ ಸರಿ ಕಾಕಾ. ಮುದುಕಪ್ಪ ಮಾವಗ ಅರವತ್ತು ದಾಟ್ಯಾವು.”

ರಹಮಾನಸಾಬರು ನಕ್ಕರು, ಆದರೆ ತಲೆ ಅಲ್ಲಾಡಿಸುತ್ತಲೇ ತಮ್ಮ ಚಾಪೆಗೆ ಹೋದರು. ಬಾಯಲ್ಲಿ ಜಾಣತನದ ಮಾತು ಬಂತೇ ಹೊರತು ಜೋಗಮ್ಮನಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ. ಕಾಕಾ ಹೇಳಿದ್ದು ಸುಳ್ಳೇ? ಬೇಡದೆ ಯಾರು ಯಾರಿಗೆ ಕೊಟ್ಟಿದ್ದಾರೆ ಈ ಲೋಕದಲ್ಲಿ? ಅದಕ್ಕೆ ಉತ್ತರ ಸಿಗದಿದ್ದರೆ ಪರೀಕ್ಷೆಯಲ್ಲಾದರೂ ಏನು ಬರೆಯುವುದು, ಮೇಡಂ ಹೇಳಿದ್ದನ್ನೇ ಗಿಳಿಪಾಠ ಒಪ್ಪಿಸುವುದೇ?

ಸಂಜೆ ಮಸ್ಕಿಯ ಮನೆಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿಯ ಮುಂದೆ ಕೂತು ಎಲ್ಲ ಹೇಳಿಕೊಂಡಳು. ಅಜ್ಜಿ ಮೊರ ಕೆಳಗಿಟ್ಟು ಬೊಚ್ಚು ಬಾಯಿ ತುಂಬ ನಕ್ಕಳು.

“ಬೇಡದ ಕೊಡಂಗಿಲ್ಲ ಅಂತ ಯಾರಂದ್ರಬೇ? ನನ್ನ ಕಥಿ ಕೇಳು. ನಮ್ಮ ಕಾಲಕ್ಕ ವರ್ಷಾನಗಟ್ಲೆ ದುಡದವ್ರಿಗೆ ರಾಶಿ ದಿನ ಕಣದಾಗ ಕೊಳಗದಲೆ ಅಳದು ಜ್ವಾಳ ಕೊಡ್ತಿದ್ರು. ಅದು ನಮ್ಮ ಆಯ, ದುಡದದ್ದಕ್ಕ ಬರೂ ಪಾಲು. ಒಂದು ವರ್ಷ ಹಳೇ ಗೌಡ ಸತ್ತು ಮಗ ಗೌಡಕಿಗೆ ಬಂದ. ಹರೇದ ಹುಡುಗ, ಸೊಕ್ಕು ನೆತ್ತಿಗೇರಿತ್ತು. ನಾ ಹೋದ್ರ ಕೊಳಗ ಅತ್ತಾಗ ಸರಿಸಿ, ಎರಡೂ ಕೈಲೆ ಮೊಗದು ಮೊಗದು ನನ್ನ ಉಡ್ಯಾಗ ಹಾಕಿದ. ಕೊಳಗಕ್ಕಿಂತಾ ಜಾಸ್ತೀನ ಹಾಕಿದ ಅನ್ನು.”

“ಜಾಸ್ತಿ ಹಾಕಿದ್ನಾ?”

“ಹೂಂ. ನಾ ಏನು ಮಾಡಿದೆ? ಉಡಿ ಝಾಡಿಸಿ ಅಷ್ಟೂ ಜ್ವಾಳಾನ ರಾಶಿ ಮ್ಯಾಲ ಸುರುವಿದೆ. ಅಳದು ಹಾಕು ಅಂದೆ.”

ಜೋಗಮ್ಮ ಬಾಯಿ ತೆರೆದುಕೊಂಡು ಕೂತಳು. “ಯಾಕ ಅಜ್ಜಿ? ಜಾಸ್ತಿ ಬಂದಿತ್ತಲ್ಲ?”

“ಹುಚ್ಚಿ. ಅಳದು ಕೊಟ್ರ ಮುಂದಿನ ವರ್ಷಾನೂ ಹೋಗಿ ಅಳಿ ಅನಬಹುದು. ಕೈಲೆ ಎತ್ತಿ ಹಾಕಿದ್ರ ಮುಂದಿನ ವರ್ಷ ಅವನ ಮಾರಿ ನೋಡಬೇಕು, ನಗತಾನೋ ಸಿಟ್ಟಾಗ್ಯಾನೋ ಅಂತ. ಅದು ಭಿಕ್ಷಾ. ಅವತ್ತು ನಮ್ಮ ಕೇರ್ಯಾಗ ಒಬ್ಬರೂ ಗೌಡನ ಮೇವು ಒಟ್ಟಾಕ ಕೈ ಹಚ್ಚಲಿಲ್ಲ. ಮರುದಿನ ಮುಂಜಾಲೆ ತಾನ ಕೊಳಗ ತಂದ ನೋಡು!” ಅಜ್ಜಿ ತೊಡೆ ತಟ್ಟಿಕೊಂಡಳು. ಈಗ ತಾನೇ ಗೆದ್ದು ಬಂದವಳ ಹಾಗೆ ಮುಖ ಅರಳಿತ್ತು.

ಜೋಗಮ್ಮನಿಗೂ ಹಿಗ್ಗು ತಡೆಯಲಾಗಲಿಲ್ಲ. ಆದರೆ ಓದಿದ ತಲೆ ನೋಡಿ, ಸುಮ್ಮನಿರುವುದಿಲ್ಲ. ಕೇಳಿದಳು, “ಅಜ್ಜಿ, ಆ ಕೊಳಗ ಯಾರದು?”

“ಗೌಡಂದು. ಮತ್ಯಾರದು ಇರ್ತದ?”

“ಅದು ಸರಿ ಇತ್ತೇನು? ಸಣ್ಣದು ಮಾಡಿಸಿದ್ರ?”

ಅಜ್ಜಿ ಮೊರಕ್ಕೆ ಹಾಕಿದ ಕೈ ಹಿಂದೆ ತೆಗೆದಳು. ಅಂಗಳದ ಜೋಳದ ಕಡೆ ನೋಡಿದಳು, ಮೊಮ್ಮಗಳ ಕಡೆ ನೋಡಿದಳು. ಆಮೇಲೆ ನಿಧಾನವಾಗಿ, “ಅದನ್ನ ಕೇಳಾಕ ನಮಗ ಹೊಳೀಲಿಲ್ಲ ನೋಡು,” ಎಂದಳು. “ನೀ ಕೇಳು.”

ಆ ರಾತ್ರಿ ಜೋಗಮ್ಮ ರೊಟ್ಟಿ ಸುಡುತ್ತ ಎರಡು ರೊಟ್ಟಿ ಸೀಕಲು ಮಾಡಿದಳು. ಲಾಲಪ್ಪ ಕರಿ ರೊಟ್ಟಿ ಎತ್ತಿ ಹಿಡಿದು, “ಇದಕ್ಕ ನಾ ವೀಟೋ ಹಾಕ್ತೀನಿ” ಅಂದ. ಆಕೆಗೆ ಕೇಳಿಸಲಿಲ್ಲ. ಕೊಳಗ ಯಾರದು, ಕೊಳಗ ಯಾರದು ಅನ್ನುವುದೊಂದೇ ಆಕೆಯ ತಲೆಯಲ್ಲಿ ಓಡುತ್ತಿತ್ತು. ಮುಂದಿನ ಭಾನುವಾರ ಮೇಡಂ ಮುಂದೆಯೂ ಅಜ್ಜಿಯ ಕಥೆಯನ್ನೇ ಬಿಚ್ಚಿದಳು.

ಕೆಲವು ದಿನಕ್ಕೆ ಮುದುಕಪ್ಪ ತಿರುಗಿ ಬಂದ. ಜೋಗಮ್ಮನ ಮೇಲಿನ ಪ್ರೀತಿಗಲ್ಲ, ಆ ಕಡೆಯ ಸಾಲು ಕಚೇರಿಯ ಗೇಟಿನ ತನಕ ಬೆಳೆದಿತ್ತು, ಅದಕ್ಕೆ. ರಹಮಾನಸಾಬರ ಕಣ್ಣೀರಿನ ಅರ್ಜಿಯನ್ನು ಒಂದು ಮದುವೆಯ ಗದ್ದಲದಲ್ಲಿ ಕಳೆದುಕೊಂಡಿದ್ದನಂತೆ. “ನಿಂದ ಇರಲಿ, ಲಗೂನ ಬರಿ,” ಎಂದು ಕೂತ. ಜೋಗಮ್ಮ ಅದೇ ಮೂರು ಸಾಲು ಬರೆದು ಓದಿದಳು.

“ಇನ್ನೊಮ್ಮೆ ಓದು.”

ಓದಿದಳು. ಮುದುಕಪ್ಪ ಕುಕ್ಕರಗಾಲು ಬಿಟ್ಟು ಬೆನ್ನು ನೆಟ್ಟಗೆ ಮಾಡಿ ಕೂತ. “ಇದು ನಾ ಮಾತಾಡಿದಂಗ ಐತೇನು?”

“ಹೌದ್ರೀ ಮಾವಾ. ನಿಮ್ಮದ ಮಾತು.”

“ಚೊಲೋ ಮಾತಾಡ್ತೀನಲ್ಲ ನಾ!” ಎಂದು ಹೆಬ್ಬೆಟ್ಟೊತ್ತಿ, ಹೆಗಲ ಟವಲ್ ಝಾಡಿಸಿ ಒಳಗೆ ನಡೆದ. ಅವನ ಹೊಲ ಅಳತೆಗೆ ಬಂದದ್ದು ಬೇಸಿಗೆ ಕಳೆದ ಮೇಲೆ. ಕಣ್ಣೀರಿದ್ದ ಅರ್ಜಿಯವರದೂ ಅಷ್ಟೊತ್ತಿಗೇ ಆಯಿತು ಅನ್ನಿ. ಅದನ್ನೂ ಬಿಡಿಸಿ ಹೇಳಬೇಕಲ್ಲ, ಕಥೆ ಚೆಂದವಾಗಲೆಂದು ಸುಳ್ಳು ಹೇಳಬಾರದು. ಆದರೆ ಒಳಗಿನಿಂದ ಬರುವಾಗ ಮುದುಕಪ್ಪ ಬಾಗಿ ಬರಲಿಲ್ಲ.

ಪರೀಕ್ಷೆ ತೊಂಬತ್ತನೇ ಇಸವಿಯ ಮೇ ತಿಂಗಳಲ್ಲಿ, ರಾಯಚೂರಿನಲ್ಲಿ. ರಾಯಚೂರಿನ ಬಿಸಿಲು ನಿಮಗೆ ನಾನೇನು ಹೇಳಲಿ. ಫ್ಯಾನಿನ ಗಾಳಿಯೂ ಕಾದಿತ್ತು. ಪ್ರಶ್ನೆಪತ್ರಿಕೆ ಬಿಚ್ಚಿದಾಗ ಕೊನೆಯ ದೊಡ್ಡ ಪ್ರಶ್ನೆ ಕಣ್ಣಿಗೆ ಬಿತ್ತು: ಶ್ರೀಮಂತ ರಾಷ್ಟ್ರಗಳು ಬಡ ರಾಷ್ಟ್ರಗಳಿಗೆ ನೀಡುವ ನೆರವು ದಯೆಯೋ, ನ್ಯಾಯವೋ? ವಿಮರ್ಶಿಸಿ.

ಜೋಗಮ್ಮನ ಕೈ ತಾನೇ ತಾನಾಗಿ ‘ಮಾನ್ಯರೇ’ ಎಂದು ಬರೆಯಿತು. ಬರೆದದ್ದನ್ನು ನೋಡಿ ಆಕೆಗೆ ಕಿಸಕ್ಕನೆ ನಗು ಬಂತು. ಕಾವಲಿಗಿದ್ದ ಮೇಷ್ಟ್ರು ಕಣ್ಣು ಬಿಟ್ಟರು. ಆ ಪದಕ್ಕೆ ಒಂದು ಗೀಟು ಎಳೆದಳು, ಕೆಳಗಿನ ಸಾಲಿನಿಂದ ಹೊಸದಾಗಿ ಶುರು ಮಾಡಿದಳು.

ದಯೆ ಕೆಟ್ಟದ್ದಲ್ಲ, ಆದರೆ ದಯೆಯನ್ನು ನಂಬಿ ಮುಂದಿನ ವರ್ಷದ ಬಿತ್ತನೆ ಮಾಡಲಾಗದು ಎಂದು ಬರೆದಳು. ಬೊಗಸೆಯಲ್ಲಿ ಹಾಕಿದ್ದಕ್ಕೂ ಕೊಳಗದಲ್ಲಿ ಅಳೆದದ್ದಕ್ಕೂ ಕಾಳು ಒಂದೇ ಇದ್ದರೂ ತೆಗೆದುಕೊಂಡವರ ಬೆನ್ನು ಒಂದೇ ರೀತಿ ಇರುವುದಿಲ್ಲ ಎಂದು ಬರೆದಳು. ಅಲ್ಲಿಗೇ ನಿಲ್ಲಿಸಿದ್ದರೆ ಪಾಸಿಗೆ ಸಾಕಿತ್ತೇನೋ. ನಿಲ್ಲಿಸಲಿಲ್ಲ. ಬಡ ದೇಶಕ್ಕೆ ಎಷ್ಟು ಸಂದಿತು ಅನ್ನುವುದು ಅರ್ಧ ಪ್ರಶ್ನೆ, ಅಳೆಯುವ ಕೊಳಗ ಯಾರು ಮಾಡಿಸಿದ್ದು, ಮಾಡಿಸುವಾಗ ಯಾರು ಯಾರು ಕೂತಿದ್ದರು, ಯಾರನ್ನು ಕರೆಯಲೇ ಇಲ್ಲ ಅನ್ನುವುದು ಉಳಿದರ್ಧ ಎಂದಳು. ಹಾಗಾದರೆ ಕೊಳಗವನ್ನು ಒಡೆದು ಹಾಕೋಣವೇ? ಬೇಡ, ಒಡೆದರೆ ಮತ್ತೆ ಬೊಗಸೆಯೇ ಗತಿ. ಎಲ್ಲರೂ ಕೂತು ಇನ್ನೊಂದು ಕೊಳಗ ಮಾಡಿಸಬೇಕು, ವೀಟೋ ಇದ್ದವರು ಅದಕ್ಕೇ ಒಪ್ಪುವುದಿಲ್ಲ ಎಂದು ವಾದ ಹೂಡಿದಳು. ಕಾಗದ ತೀರಿತು. ಎದ್ದು ನಿಂತು, “ಕಾಗದ ಕೊಡ್ರಿ,” ಎಂದಳು. ಕೊಟ್ಟರು.

ಫಲಿತಾಂಶ ಮಳೆಗಾಲದಲ್ಲಿ ಬಂತು. ಒಂದು ಮಧ್ಯಾಹ್ನ ಸಿಂಧನೂರಿನ ಬಸ್ಸಿನಿಂದ ಅಖ್ತರಬೇಗಂ ಇಳಿದರು. ಕಾಲೇಜಿನ ದಿನ ರಜೆ ಹಾಕುವ ಹೆಂಗಸೇ ಅಲ್ಲ ಅವರು. ಕೊಡೆ ಮರೆತು, ತೊಯ್ದ ಸೀರೆಯಲ್ಲಿ ಕಟ್ಟೆಯ ಕಡೆ ದಾಪುಗಾಲು ಹಾಕುತ್ತ ಬಂದವರನ್ನು ನೋಡಿ ಜೋಗಮ್ಮ ಪೆನ್ನು ಕೆಳಗಿಟ್ಟಳು. ಎದ್ದು ನಿಂತಳು.

“ಯಾರೂ ನಿನ್ನ ಮ್ಯಾಲ ದಯಾ ಮಾಡಿಲ್ಲ, ಜೋಗಮ್ಮ!” ಮೇಡಂ ದೂರದಿಂದಲೇ ಕೂಗಿದರು. ಜೋಗಮ್ಮನ ಮುಖ ಕಪ್ಪಾಯಿತು. “ಅಳದು ಕೊಟ್ಟಾರ! ಅರವತ್ತೆಂಟು! ಪಾಸಾಗೀದಿ ಹುಡುಗಿ!”

ಅಲ್ಲಿಂದ ಮುಂದೆ ಹುಣಸೆ ಗಿಡದ ಕೆಳಗೆ ಯಾರು ಏನು ಮಾತಾಡಿದರೆಂದು ಹೇಳುವುದು ಕಷ್ಟ, ಎಲ್ಲರೂ ಒಟ್ಟಿಗೇ ಮಾತಾಡಿದರು. ಜೋಗಮ್ಮ ಅತ್ತಳು, ನಕ್ಕಳು, ಮೇಡಂ ಅವರನ್ನು ತಬ್ಬಿಕೊಂಡು ತಾನೂ ತೊಯ್ದಳು. ಮಿರ್ಚಿ ಮಂಡಾಳು ಬಂತು, ಬಿಸಿ ಬಿಸಿ ಚಹಾ ಬಂತು. ಕಚೇರಿಯ ಜವಾನರೂ ಬಂದು ತಿಂದರು. ಡಿಪೋದಿಂದ ಓಡಿ ಬಂದ ಲಾಲಪ್ಪ ಗ್ರೀಸಿನ ಕೈಯಲ್ಲೇ ಹೆಂಡತಿಯ ಕೈ ಕುಲುಕಿದ. ಅಜ್ಜಿಗೆ ಯಾರು ಮೊದಲು ಹೇಳಬೇಕೆಂದು ಅಲ್ಲಿಯೇ ಗಂಡ ಹೆಂಡತಿಗೆ ಸಣ್ಣ ಜಗಳವೂ ಆಯಿತು.

ಗದ್ದಲ ಇಳಿದ ಮೇಲೆ ಮೇಡಂ, “ಪದವಿ ಪತ್ರಕ್ಕ ಯೂನಿವರ್ಸಿಟಿಗೆ ಅರ್ಜಿ ಹಾಕಬೇಕು. ಇವತ್ತ ಬರದು ಕೊಡು, ಟಪಾಲಿಗೆ ನಾ ಹಾಕ್ತೀನಿ,” ಎಂದರು. ಜೋಗಮ್ಮ ಪೆನ್ನು ಹಿಡಿದಳು. ಒಂದು ಅಕ್ಷರವೂ ಮೂಡಲಿಲ್ಲ. ಸಾವಿರಾರು ಜನರ ಅರ್ಜಿ ಬರೆದವಳು, ತನ್ನದೊಂದು ಬರೆದವಳೇ ಅಲ್ಲ.

“ಸರಿ ಬೇಟಿ, ಅತ್ಲಾಗ. ಕಾಕಾ ಅದೀನಿ,” ಎಂದು ರಹಮಾನಸಾಬರು ಚಾಪೆ ಬಿಟ್ಟು ಎದ್ದು ಬಂದು ಅಂಬಪ್ಪನ ಮೇಜಿಗೆ ಕೂತರು. ಜೇಬಿನ ಒಳ್ಳೆಯ ಪೆನ್ನು ತೆಗೆದು, ‘ತಾವು ಕೃಪೆಮಾಡಿ’ ಎಂದು ಬರೆದರು. ಬರೆದು ಪೆನ್ನು ನಿಲ್ಲಿಸಿದರು. ರಹಮಾನಸಾಬರು ತಾವೇ ಬರೆದ ಎರಡು ಪದವನ್ನು ಬಹಳ ಹೊತ್ತು ನೋಡಿದರು.

“ಪಾಸಾದಾಕಿ ನೀ,” ಎಂದರು. “ಅವರ ಕೃಪಾ ಯಾಕ ಬೇಕು?”

ಆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಬೇರೆ ಹಾಳೆ ತೆಗೆದರು. ಅವರ ಆಯುಷ್ಯದ ಅತಿ ಚಿಕ್ಕ ಅರ್ಜಿ ಬರೆದು ಜೋರಾಗಿ ಓದಿದರು: ‘ನಾನು ಪಾಸಾಗಿದ್ದೇನೆ. ನನ್ನ ಪದವಿ ಪತ್ರ ಕಳಿಸಿರಿ.’

“ಕೆಳಗ ಏನಂತ ಬರೀಲಿ ಬೇಟಿ?”

“ಜೋಗಮ್ಮ ಅಂತ ಬರೀರಿ ಕಾಕಾ.”

“ಅಷ್ಟ?”

“ಅಷ್ಟ.”

ರಹಮಾನಸಾಬರು ಬರೆದರು. ಪೆನ್ನಿನ ಟೊಪ್ಪಿಗೆ ಹಾಕಲು ಹೋದವರು ಮತ್ತೆ ತೆಗೆದರು, ಹೆಸರಿನ ಮುಂದೆ ಒಂದು ಬೆರಳಿನಷ್ಟು ಜಾಗ ನೋಡಿಕೊಂಡು, ತಮ್ಮ ಅತ್ಯಂತ ಚೆಂದದ ಅಕ್ಷರದಲ್ಲಿ ಎಂ.ಎ. ಎಂದು ಸೇರಿಸಿದರು.